ಪ್ರೀಮಿಯರ್ ಸ್ಟುಡಿಯೋ ಬೆಂಕಿಗೆ ಒಂದು ಸ್ಮಾರಕ: ಹೆಸರು ಮೊದಲು, ಆಕಾರ ಆಮೇಲೆ

ಪ್ರಶ್ನೆ: ನಾವು ಮೈಸೂರಿನವರು. 1989ರಲ್ಲಿ ಹುಣಸೂರು ರಸ್ತೆಯ ಪ್ರೀಮಿಯರ್ ಸ್ಟುಡಿಯೋಗೆ ಬೆಂಕಿ ಬಿತ್ತಲ್ಲ, ಅದರಲ್ಲಿ ನಮ್ಮ ಚಿಕ್ಕಪ್ಪ ತೀರಿಕೊಂಡರು. ಸೆಟ್‌ನಲ್ಲಿ ಬಡಗಿ ಕೆಲಸ ಮಾಡುತ್ತಿದ್ದರು. ಅವರಿಗೂ ಅವರ ಜೊತೆ ಹೋದ ಎಲ್ಲರಿಗೂ ಊರಲ್ಲಿ ಒಂದು ಶಿಲ್ಪ ಆಗಬೇಕು ಅಂತ ನಾವು ಕೆಲವು ಮನೆಯವರು, ಬಡಾವಣೆಯ ಹುಡುಗರು ಸೇರಿದ್ದೇವೆ. ಯಾವುದಾದರೂ ಸರ್ಕಲ್‌ನಲ್ಲಿ, ಜ್ವಾಲೆಯ ನಡುವೆ ಕೈ ಎತ್ತಿ ನಿಂತ ಮನುಷ್ಯನ 15 ಅಡಿ ಫೈಬರ್ ಪ್ರತಿಮೆ ಅನ್ನೋದು ಈಗಿನ ಯೋಚನೆ. ಪಾಲಿಕೆಗೆ ಅರ್ಜಿ ಕೊಟ್ಟರೆ ಸಾಕಾ? ಶಿಲ್ಪಿಯನ್ನು ಹೇಗೆ ಹುಡುಕೋದು? ಎಲ್ಲಿಂದ ಶುರು ಮಾಡೋಣ?

ಉತ್ತರ: ಹೆಸರುಗಳಿಂದ ಶುರು ಮಾಡಿ. ಅರ್ಜಿ ಆಮೇಲೆ, ಶಿಲ್ಪಿ ಆಮೇಲೆ, ಪ್ರತಿಮೆ ಹೇಗಿರಬೇಕು ಅನ್ನೋ ಮಾತು ಎಲ್ಲಕ್ಕಿಂತ ಆಮೇಲೆ.

ಸ್ಮಾರಕ ಮಾಡಬೇಕು ಅಂತ ಬರುವ ಹೆಚ್ಚಿನವರು ಒಂದು ಚಿತ್ರ ಹಿಡಿದುಕೊಂಡು ಬರುತ್ತಾರೆ. ಯಾರಿಗಾಗಿ ಅಂತ ಕೇಳಿದರೆ ಸಂಖ್ಯೆ ಹೇಳುತ್ತಾರೆ. ಈ ಬೆಂಕಿಯ ವಿಷಯದಲ್ಲೂ ಊರಿಗೆ ನೆನಪಿರುವುದು ಅಷ್ಟೇ. 1989ರ ಫೆಬ್ರವರಿ 8, ಟಿಪ್ಪು ಸುಲ್ತಾನ್ ಧಾರಾವಾಹಿಯ ಶೂಟಿಂಗ್, 62 ಸಾವು. ಮುಂದೆ ಕೇಳಿದರೆ ಆ ಧಾರಾವಾಹಿಯ ನಾಯಕ ನಟ, ನಿರ್ದೇಶಕ ಸಂಜಯ್ ಖಾನ್ ವಿಷಯ ಹೇಳುತ್ತಾರೆ. ಮೈಯೆಲ್ಲ ಸುಟ್ಟಿತ್ತು, ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು, 70ಕ್ಕೂ ಜಾಸ್ತಿ ಆಪರೇಷನ್ ಆಯಿತು, ಆದರೂ ಬದುಕಿ ಬಂದು ಧಾರಾವಾಹಿ ಮುಗಿಸಿದರು. ಅದು ದೊಡ್ಡ ಮಾತೇ, ಇಲ್ಲ ಅನ್ನಲ್ಲ. ಆದರೆ ಅವತ್ತು ಹೋದವರಲ್ಲಿ ಒಂದು ಐದು ಜನರ ಹೆಸರು ಹೇಳಿ ಅಂದರೆ ಊರಲ್ಲಿ ಎಷ್ಟು ಜನ ಹೇಳಿಯಾರು? ಬಡಗಿಗಳು, ಲೈಟ್ ಹುಡುಗರು, ಸಣ್ಣಪುಟ್ಟ ಪಾತ್ರಕ್ಕೆ ಬಂದವರು, ಇವರ ಹೆಸರು ಅವರವರ ಮನೆಯ ಗೋಡೆಯ ಫೋಟೋದಲ್ಲಿ ಉಳಿದಿದೆಯೇ ಹೊರತು ಊರಿನ ಬಾಯಲ್ಲಿ ಇಲ್ಲ. ನೀವು ಮಾಡುವ ಕೆಲಸ ಇದನ್ನು ಸರಿ ಮಾಡದಿದ್ದರೆ 15 ಅಡಿ ಅಲ್ಲ, 50 ಅಡಿ ನಿಲ್ಲಿಸಿದರೂ ಪ್ರಯೋಜನ ಇಲ್ಲ.

ಹೆಸರು ಕೆತ್ತುವುದು ನಮ್ಮ ಕಡೆಗೆ ಹೊಸದೇನಲ್ಲ. ಹಳೇ ಮೈಸೂರಿನ ಊರೂರಿನಲ್ಲೂ ವೀರಗಲ್ಲುಗಳಿವೆ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ನೋಡಿ, 949–50ರ ಕಾಲದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ರಾಜ ಬೂತುಗನ ಕಡೆಯ ಮಣಲೇರ ಅನ್ನುವವನು ಯುದ್ಧದಲ್ಲಿ ಗೆದ್ದಿದ್ದಕ್ಕೆ ಇನಾಮಾಗಿ ಒಂದು ಬೇಟೆನಾಯಿ ಕೇಳಿ ಪಡೆದ. ಅದು ಕಾಡುಹಂದಿಯ ಜೊತೆ ಹೋರಾಡಿ ಸತ್ತಿತು. ಅದಕ್ಕೊಂದು ಕಲ್ಲು ನಿಲ್ಲಿಸಿದರು, ನಾಯಿಯ ಹೆಸರನ್ನೂ ಬರೆಸಿದರು. ಕಾಳಿ ಅಂತ. ಸಾವಿರ ವರ್ಷದ ಮೇಲೂ ಆ ಹೆಸರು ಓದಬಹುದು. ನಾಯಿಯ ಹೆಸರನ್ನೇ ಕಲ್ಲಿನಲ್ಲಿ ಉಳಿಸಿದ ಜಿಲ್ಲೆಯ ಪಕ್ಕದಲ್ಲಿ ಕುಳಿತು, ದುಡಿಯುತ್ತಲೇ ಸತ್ತ 62 ಮನುಷ್ಯರನ್ನು ಬರೀ ಲೆಕ್ಕವಾಗಿ ಬಿಡುವುದು ನನಗೆ ಸಹಿಸಲು ಆಗಲ್ಲ.

ಹೆಸರು ಎಲ್ಲಿ ಸಿಗುತ್ತವೆ? ಮೊದಲು ಪತ್ರಿಕೆಗಳು. 1989ರ ಫೆಬ್ರವರಿ 9ರಿಂದ ಕನಿಷ್ಠ ಮೂರು ತಿಂಗಳು, ಪ್ರಜಾವಾಣಿ, ಕನ್ನಡಪ್ರಭದಂಥ ರಾಜ್ಯದ ಪತ್ರಿಕೆ, ಜೊತೆಗೆ ನಮ್ಮ ಮೈಸೂರು ಮಿತ್ರ, ಆಂದೋಲನ, ಸ್ಟಾರ್ ಆಫ್ ಮೈಸೂರ್. ಮೂರು ತಿಂಗಳು ಯಾಕೆ ಅಂದರೆ ಸುಟ್ಟಗಾಯ ಆದವರು ಅವತ್ತೇ ಹೋಗುವುದಿಲ್ಲ. ವಾರ ಬಿಟ್ಟು, ತಿಂಗಳು ಬಿಟ್ಟು ಹೋಗುತ್ತಾರೆ. ಅಷ್ಟು ಹೊತ್ತಿಗೆ ಸುದ್ದಿ ಒಳಪುಟಕ್ಕೆ ಸರಿದು ಎರಡು ಸಾಲಾಗಿರುತ್ತದೆ. ಆ ಎರಡು ಸಾಲುಗಳೇ ನಿಮಗೆ ಬೇಕಾದವು. ಆಮೇಲೆ ಮರಣ ನೋಂದಣಿ ಪುಸ್ತಕ. ಮರಣ ನೋಂದಣಿ ಆಗುವುದು ಸತ್ತ ಜಾಗದಲ್ಲಿ, ಹುಟ್ಟೂರಲ್ಲಲ್ಲ. ಹಾಗಾಗಿ ಆಸ್ಪತ್ರೆಯಲ್ಲಿ ತೀರಿಕೊಂಡವರದು ಆ ಆಸ್ಪತ್ರೆ ಇರುವ ಕಡೆ ಇರುತ್ತದೆ. ಸ್ಟುಡಿಯೋದಲ್ಲೇ ಹೋದವರದು ಆ ಜಾಗ ಆಗ ಯಾರ ವ್ಯಾಪ್ತಿಗೆ ಸೇರಿತ್ತೋ ಅಲ್ಲಿರುತ್ತದೆ. ಕೇಳಿದರೆ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಮ್ಮ ರಾಜ್ಯದಲ್ಲಿ 10 ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಎಫ್‌ಐಆರ್ ಒಂದು ಅರ್ಜಿ, ಪರಿಹಾರ ಕೊಟ್ಟವರ ಪಟ್ಟಿ ಇನ್ನೊಂದು, ಮರಣ ನೋಂದಣಿ ಮತ್ತೊಂದು. ಎಲ್ಲ ಸೇರಿಸಿ ಒಂದೇ ಉದ್ದದ ಅರ್ಜಿ ಬರೆದರೆ ಅದೇ ನೆಪ ಸಾಕು ವಾಪಸ್ ಬರುವುದಕ್ಕೆ. ನನ್ನ ಪ್ರಕಾರ ಪರಿಹಾರದ ಪಟ್ಟಿಯೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಅಂಥ ಪಟ್ಟಿಯಲ್ಲಿ ವಾರಸುದಾರರ ಹೆಸರು, ಊರು ಎರಡೂ ಇರುತ್ತವೆ.

62 ಅನ್ನೋದು ಎಲ್ಲರೂ ಹೇಳುವ ಲೆಕ್ಕ. ನಿಮ್ಮ ಪಟ್ಟಿ ಅದಕ್ಕೆ ಹೊಂದಲೇಬೇಕು ಅಂತ ಹಟ ಬೇಡ. ಒಂದು ಹೆಸರು ಹೆಚ್ಚು ಸಿಕ್ಕರೆ ಸೇರಿಸಿ. ಸಿಗದೇ ಉಳಿದ ಹೆಸರಿಗೆ ಕಲ್ಲಿನ ಮೇಲೆ ಖಾಲಿ ಜಾಗ ಬಿಡಿ. ಮಂಗಳೂರಿನಲ್ಲಿ 2010ರ ಮೇ 22ರ ವಿಮಾನ ದುರಂತದಲ್ಲಿ 158 ಜನ ಹೋದರು. ಗುರುತೇ ಸಿಗದ 12 ದೇಹಗಳನ್ನು ಒಟ್ಟಿಗೆ ಹೂಳಿದರು. ಕೂಳೂರು–ತಣ್ಣೀರುಬಾವಿ ರಸ್ತೆಯ ಪಕ್ಕ ಫಲ್ಗುಣಿ ದಂಡೆಯಲ್ಲಿ ಆ ಸ್ಮಾರಕ ಇದೆ. ಹೋಗಿ ನೋಡಿಕೊಂಡು ಬನ್ನಿ. ದೂರವೇನಲ್ಲ, ಒಂದು ರಾತ್ರಿ ಬಸ್ಸು. ಗುರುತು ಸಿಗದವರಿಗೂ ಒಂದು ನೆಲೆ ಬೇಕು ಅನ್ನೋದು ಅಲ್ಲಿ ನಿಂತಾಗ ತಾನಾಗಿ ಅರ್ಥವಾಗುತ್ತದೆ.

ಹೆಸರು ಸಿಕ್ಕ ಮೇಲೆ ಮನೆಗಳಿಗೆ ಹೋಗಬೇಕು. ಫೋನ್ ಸಾಲದು. ಹೋದವರಲ್ಲಿ ಮುಂಬೈ ಕಡೆಯಿಂದ ಬಂದ ಕೆಲಸಗಾರರೂ ಇದ್ದರು, ಅವರ ಮನೆ ಹುಡುಕಲು ಅಲ್ಲಿನ ಸಿನಿಮಾ ಕಾರ್ಮಿಕರ ಸಂಘಗಳಿಗೆ ಬರೆಯಿರಿ. ಅವರಲ್ಲಿ ಹಳೇ ಸದಸ್ಯರ ದಾಖಲೆ ಇರುತ್ತದೆ. ಮನೆಯವರನ್ನು ಮೂರು ವಿಷಯ ಕೇಳಿ. ಹೆಸರು ಹೇಗೆ ಬರೆಯಬೇಕು, ವಯಸ್ಸೆಷ್ಟಿತ್ತು, ಏನು ಕೆಲಸ ಮಾಡುತ್ತಿದ್ದರು. ಕೆಲವರು ಬೇಡಪ್ಪ, ನಮ್ಮ ಹೆಸರು ಹಾಕಬೇಡಿ ಅಂತಾರೆ. ಅವರನ್ನು ಒತ್ತಾಯ ಮಾಡಬೇಡಿ, ಇನ್ನೊಂದು ವರ್ಷ ಬಿಟ್ಟು ಮತ್ತೊಮ್ಮೆ ಹೋಗಿ ಕೇಳಿ, ಆಗಲೂ ಬೇಡ ಅಂದರೆ ಬಿಟ್ಟುಬಿಡಿ. ಆಗಿನ ಹೆಂಡತಿಯರು, ತಾಯಂದಿರು ಈಗ ತೀರಾ ವಯಸ್ಸಾದವರು, ಹಲವರು ಈಗಾಗಲೇ ಇರಲಿಕ್ಕಿಲ್ಲ. ಅದಕ್ಕೇ ಹೇಳುವುದು, ಪಾಲಿಕೆ ಇನ್ನೂ ಹತ್ತು ವರ್ಷ ಅಲ್ಲೇ ಇರುತ್ತದೆ, ಆ ತಾಯಂದಿರು ಇರಲ್ಲ. ಮೊದಲು ಅವರ ಹತ್ತಿರ ಹೋಗಿ. ಹೋದಾಗ ಫೋನ್‌ನಲ್ಲಿ ಅವರ ಮಾತು ರೆಕಾರ್ಡ್ ಮಾಡಿಕೊಳ್ಳಿ, ಇರುವ ಫೋಟೋದ ಫೋಟೋ ತೆಗೆದುಕೊಳ್ಳಿ. ಕಲ್ಲು ನಿಲ್ಲದೇ ಹೋದರೂ ಅಷ್ಟು ಉಳಿಯುತ್ತದೆ.

ಈಗ ಜಾಗ. ಸರ್ಕಲ್ ಆಸೆ ಇವತ್ತೇ ಬಿಡಿ. 2013ರ ಜನವರಿ 18ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿದೆ. ಸಾರ್ವಜನಿಕ ರಸ್ತೆ, ಫುಟ್‌ಪಾತ್, ರಸ್ತೆಯ ಅಂಚು, ಸಾರ್ವಜನಿಕ ಬಳಕೆಯ ಇಂಥ ಜಾಗಗಳಲ್ಲಿ ಪ್ರತಿಮೆ ನಿಲ್ಲಿಸಲು ಯಾವ ರಾಜ್ಯ ಸರ್ಕಾರವೂ ಅನುಮತಿ ಕೊಡಬಾರದು ಅಂತ. ಬೀದಿದೀಪ, ಸಿಗ್ನಲ್ ಇಂಥವಕ್ಕೆ ಮಾತ್ರ ವಿನಾಯಿತಿ. ಕೆ.ಆರ್. ಸರ್ಕಲ್‌ನಲ್ಲಿ ನಾಲ್ವಡಿಯವರಿದ್ದಾರೆ, ಪಕ್ಕದಲ್ಲೇ ಚಾಮರಾಜ ಒಡೆಯರಿದ್ದಾರೆ, ನಮಗ್ಯಾಕೆ ಇಲ್ಲ ಅಂತ ಕೇಳಬಹುದು. ಅವು ಆ ಕಾಲದವು. ಈಗ ಯಾರಾದರೂ "ನಾನು ಮಾಡಿಸಿಕೊಡ್ತೀನಿ, ಒಂದು ರಾತ್ರಿ ನಿಲ್ಲಿಸಿಬಿಡೋಣ" ಅಂದರೆ ನಂಬಬೇಡಿ. ಒಬ್ಬರು ಕೋರ್ಟಿಗೆ ಹೋದರೆ ಸಾಕು, ತೆಗೆಯಬೇಕಾಗುತ್ತದೆ. ಸತ್ತವರ ಹೆಸರಿರುವ ಕಲ್ಲನ್ನು ಜೆಸಿಬಿ ಎತ್ತುವುದನ್ನು ಆ ಮನೆಯವರು ನೋಡುವಂತೆ ಆಗಬಾರದು. ಅಲ್ಲದೆ ಸರ್ಕಲ್‌ನ ನಡುವೆ ಇಟ್ಟ ಸ್ಮಾರಕದ ಹತ್ತಿರ ಯಾರೂ ಹೋಗಲು ಆಗುವುದಿಲ್ಲ. ಸುತ್ತ ಬಸ್ಸು, ಆಟೋ. ನಿಮ್ಮ ಚಿಕ್ಕಮ್ಮ ಒಂದು ಹೂ ಇಡಬೇಕು ಅಂದರೆ ರಸ್ತೆ ದಾಟಿ ಬೇಲಿ ಹಾರಬೇಕಾ?

ಹಾಗಾದರೆ ಎಲ್ಲಿ? ಸ್ಟುಡಿಯೋ ಇದ್ದ ಜಾಗದ ಹತ್ತಿರವೇ ಆದರೆ ಎಲ್ಲಕ್ಕಿಂತ ಒಳ್ಳೆಯದು. ಅದು ಖಾಸಗಿ ಜಾಗ, ಈಗಿನ ಮಾಲೀಕರು ಒಪ್ಪಿ ಕಾಂಪೌಂಡಿನ ಒಂದು ಮೂಲೆಯನ್ನು ಬರಹದಲ್ಲಿ, ನೋಂದಣಿ ಮಾಡಿಸಿ ಬಿಟ್ಟುಕೊಟ್ಟರೆ ಮಾತ್ರ ಮುಂದೆ ಹೋಗಿ. ಬಾಯಿಮಾತಿನ ಒಪ್ಪಿಗೆ ಮುಂದಿನ ಮಾಲೀಕರಿಗೆ ಲೆಕ್ಕಕ್ಕಿಲ್ಲ. ಎರಡನೆಯದು ಆ ಭಾಗದ ಪಾಲಿಕೆ ಉದ್ಯಾನ. ಇದಕ್ಕೂ ಒಂದು ಕಾನೂನಿದೆ, 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ. ಪಾರ್ಕ್ ಪಾರ್ಕ್ ಆಗಿಯೇ ಉಳಿಯಬೇಕು ಅನ್ನೋದು ಅದರ ಉದ್ದೇಶ. ಆದ್ದರಿಂದ ಮಂಟಪ, ಗೇಟು, ಕಾಂಕ್ರೀಟ್ ವೇದಿಕೆ ಅಂತ ನಕ್ಷೆ ದೊಡ್ಡದು ಮಾಡಬೇಡಿ. ಒಂದು ಕಲ್ಲು, ಎರಡು ಬೆಂಚು, ಒಂದು ಮರ, ಇಷ್ಟೇ ಕೇಳಿ.

ಮೂರನೆಯ ಜಾಗ ನನಗೆ ತುಂಬ ಇಷ್ಟವಾದದ್ದು. ಸರಸ್ವತಿಪುರಂ ಅಗ್ನಿಶಾಮಕ ಠಾಣೆಯ ಆವರಣ. ಯಾರೂ ಈ ದಿಕ್ಕಿನಲ್ಲಿ ಯೋಚನೆ ಮಾಡಲ್ಲ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸ್ಫೋಟಗೊಂಡು ಬೆಂಕಿ ಆರಿಸಲು ಹೋದ ಸಿಬ್ಬಂದಿ ಸತ್ತರು, ಅದರ ನೆನಪಿಗೆ ದೇಶದ ಎಲ್ಲ ಅಗ್ನಿಶಾಮಕ ಠಾಣೆಗಳಲ್ಲೂ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಅಂದರೆ ಬೆಂಕಿಗೆ ಬಲಿಯಾದವರನ್ನು ನೆನೆಯುವ ರೂಢಿ ಅಲ್ಲಿ ಈಗಾಗಲೇ ಇದೆ. ಕಲ್ಲನ್ನು ದಿನಾ ನೋಡುವ, ಗುಡಿಸುವ ಜನ ಇದ್ದಾರೆ. ಶಾಲೆ ಮಕ್ಕಳನ್ನು ಕರೆದುಕೊಂಡು ಬರಲು ಸುಲಭ. ಇಲಾಖೆ ಒಪ್ಪಬೇಕು, ಬೆಂಗಳೂರಿನ ಕೇಂದ್ರ ಕಚೇರಿವರೆಗೆ ಪತ್ರ ಹೋಗಬೇಕಾಗುತ್ತದೆ. ಆದರೂ ಈ ದಾರಿ ಬಿಡಬೇಡಿ.

ಅರ್ಜಿ ಯಾವ ಜಾಗಕ್ಕಾದರೂ ಒಂದೇ ಪುಟದ್ದಿರಲಿ, ಜೊತೆಗೆ ದಾಖಲೆಗಳು. ಜಾಗದ ನಕ್ಷೆ, ಅಳತೆ ಸಮೇತ ಚಿತ್ರ, ತಳಪಾಯದ ಬಗ್ಗೆ ಸ್ಟ್ರಕ್ಚರಲ್ ಎಂಜಿನಿಯರ್ ಕೊಟ್ಟ ಪತ್ರ, ಹಣ ಎಲ್ಲಿಂದ ಬರುತ್ತೆ, ಮುಂದೆ ಯಾರು ನೋಡಿಕೊಳ್ಳುತ್ತಾರೆ, ಮನೆಯವರ ಒಪ್ಪಿಗೆ ಪತ್ರಗಳು. ಈ ಕೊನೆಯದ್ದೇ ನಿಮ್ಮ ಬಲ. 40 ಮನೆಯವರ ಸಹಿ ಇರುವ ಕಡತವನ್ನು ಪಕ್ಕಕ್ಕೆ ಇಡುವುದು ಯಾವ ಅಧಿಕಾರಿಗೂ ಸುಲಭವಲ್ಲ. ಪಾಲಿಕೆಗೆ ಕೊಟ್ಟರೆ ಆಯುಕ್ತರಿಗೆ ಒಂದು, ಜಿಲ್ಲಾಧಿಕಾರಿಗೆ ಪ್ರತಿ ಒಂದು, ಎರಡಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕೌನ್ಸಿಲ್ ಇದ್ದರೆ ಅಲ್ಲಿ ನಿರ್ಣಯ ಆಗಬೇಕು, ಇಲ್ಲದ ಕಾಲದಲ್ಲಿ ಆಡಳಿತಾಧಿಕಾರಿಯ ಆದೇಶ ಬೇಕು. ಜಾಗ ಪಾರಂಪರಿಕ ಕಟ್ಟಡದ ಹತ್ತಿರ ಬಂದರೆ ಪುರಾತತ್ವ ಇಲಾಖೆಯ ಅಭಿಪ್ರಾಯವನ್ನೂ ಕೇಳುತ್ತಾರೆ, ಅವರ ಕೇಂದ್ರ ಕಚೇರಿ ನಮ್ಮೂರಲ್ಲೇ ಇದೆ. ಅರ್ಜಿ ಕೊಡುವ ಮುಂಚೆ ಒಂದು ಸಂಘ ಅಥವಾ ಟ್ರಸ್ಟ್ ನೋಂದಣಿ ಮಾಡಿಸಿ, ಅದರ ಹೆಸರಲ್ಲೇ ಬ್ಯಾಂಕ್ ಖಾತೆ ತೆರೆಯಿರಿ. ಒಬ್ಬರ ಸ್ವಂತ ಖಾತೆಗೆ ಚಂದಾ ಹಾಕಿಸಿಕೊಂಡರೆ ಕಲ್ಲು ಬರುವ ಮುಂಚೆ ಜಗಳ ಬರುತ್ತದೆ.

ಇನ್ನು ನಿಮ್ಮ ಪ್ರತಿಮೆ. ನೇರವಾಗಿ ಹೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ. ಜ್ವಾಲೆ ಬೇಡ, ಉರಿಯುವ ಮನುಷ್ಯನೂ ಬೇಡ. ಗಂಡನನ್ನು ಬೆಂಕಿಯಲ್ಲಿ ಕಳೆದುಕೊಂಡ ಹೆಂಗಸು ಆ ಪ್ರತಿಮೆಯ ಮುಂದೆ ಎಷ್ಟು ಹೊತ್ತು ನಿಲ್ಲಬಲ್ಲಳು? ಅದು ಹೊರಗಿನವರಿಗೆ ದುರಂತ ತೋರಿಸುವ ಚಿತ್ರ, ಮನೆಯವರಿಗೆ ಆ ದಿನವನ್ನು ಮತ್ತೆ ಮತ್ತೆ ಎದುರಿಗಿಡುವ ಶಿಕ್ಷೆ. ಭೋಪಾಲ್‌ನಲ್ಲಿ ವಿಷಾನಿಲ ಸೋರಿದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಎದುರು 1985ರಲ್ಲಿ ಡಚ್ ಶಿಲ್ಪಿ ರೂತ್ ವಾಟರ್‌ಮನ್ ಮಾಡಿದ ಪ್ರತಿಮೆ ಇದೆ. ಮಗುವನ್ನು ಎತ್ತಿಕೊಂಡ ತಾಯಿ ಇನ್ನೊಂದು ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಾಳೆ, ಹಿಂದೆ ಇನ್ನೊಂದು ಮಗು ಅವಳ ಬಟ್ಟೆ ಹಿಡಿದುಕೊಂಡಿದೆ. ಅಷ್ಟೇ. ಅಲ್ಲಿ ಅನಿಲವನ್ನು ತೋರಿಸಿಲ್ಲ, ತೋರಿಸಬೇಕಾಗಿಯೂ ಇಲ್ಲ.

ಫೈಬರ್ ಅಂತೂ ಬೇಡವೇ ಬೇಡ. ಬಿಸಿಲಿಗೆ ಬಣ್ಣ ಹೋಗುತ್ತದೆ, ಕೆಲವೇ ವರ್ಷಕ್ಕೆ ಬಿರುಕು ಬಿಡುತ್ತದೆ. ಅದಕ್ಕಿಂತ ದೊಡ್ಡ ಕಾರಣ, ಅದು ರಾಳದ ವಸ್ತು, ಹೊತ್ತಿಕೊಳ್ಳುತ್ತದೆ. ಬೆಂಕಿಯಲ್ಲಿ ಹೋದವರ ಸ್ಮಾರಕವನ್ನು ಉರಿಯುವ ವಸ್ತುವಿನಲ್ಲಿ ಮಾಡೋದು ಸರಿಯಾ? ಸಿಮೆಂಟ್ ಪ್ರತಿಮೆಯ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಒಡೆಯುತ್ತದೆ. ಕಂಚು ಚೆನ್ನಾಗಿ ಬಾಳುತ್ತದೆ, ಆದರೆ ದುಬಾರಿ, ಕಳ್ಳತನದ ಭಯ ಬೇರೆ. ನಮ್ಮ ಕಡೆ ಕಲ್ಲಿಗೇನು ಬರವೇ? ಅಯೋಧ್ಯೆಯ ಬಾಲರಾಮನನ್ನು ಅರುಣ್ ಯೋಗಿರಾಜ್ ಕೆತ್ತಿದ ಕೃಷ್ಣಶಿಲೆ ಮೈಸೂರು ತಾಲ್ಲೂಕಿನ ಗುಜ್ಜೇಗೌಡನಪುರದ್ದು. ಆಭರಣ, ಬೆರಳು, ಕಣ್ಣಿನ ರೆಪ್ಪೆ ಇಂಥ ಸೂಕ್ಷ್ಮ ಕೆಲಸಕ್ಕೆ ಅದು ಒಳ್ಳೆಯದು. ಆದರೆ ಬಯಲಿನಲ್ಲಿ, ನೂರಾರು ಕೈ ಮುಟ್ಟುವ ಕಡೆ, ಅಕ್ಷರ ಉಳಿಯಬೇಕಾದರೆ ಕಪ್ಪು ಗ್ರಾನೈಟ್ ಗಟ್ಟಿ. ವಾಷಿಂಗ್ಟನ್‌ನಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಸತ್ತ 58,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರ ಹೆಸರು ಕೆತ್ತಿದ ಗೋಡೆ ಇದೆಯಲ್ಲ, 1982ರದ್ದು, ಅದರ ಕಪ್ಪು ಕಲ್ಲು ಹೋಗಿದ್ದು ನಮ್ಮ ಬೆಂಗಳೂರು ಕಡೆಯಿಂದ. ಪಾಲಿಶ್ ಮಾಡಿದಾಗ ಕನ್ನಡಿಯ ಹಾಗೆ ಹೊಳೆಯುತ್ತದೆ ಅಂತಲೇ ಅದನ್ನು ಆರಿಸಿದ್ದು. ಹೆಸರು ಓದುವವನಿಗೆ ಅದೇ ಕಲ್ಲಿನಲ್ಲಿ ತನ್ನ ಮುಖವೂ ಕಾಣುತ್ತದೆ.

ನಿಮಗೆ ನನ್ನ ಸಲಹೆ ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ, ಆರು ಇಂಚು ದಪ್ಪದ ಒಂದೇ ಚಪ್ಪಡಿ. ಇದು 12 ಘನ ಅಡಿ ಆಯಿತು. ಒಂದು ಘನ ಅಡಿ ಗ್ರಾನೈಟ್ 75 ಕೆಜಿಯ ಹತ್ತಿರ ತೂಗುತ್ತದೆ, ಅಂದರೆ ಒಟ್ಟು 900 ಕೆಜಿ. ಕೈಯಲ್ಲಿ ಇಳಿಸುವ ಮಾತಲ್ಲ, ಕ್ರೇನ್ ಒಳಗೆ ಬರುವ ದಾರಿ ಇದೆಯಾ ಅಂತ ಜಾಗ ನೋಡುವಾಗಲೇ ನೋಡಿ. ಹೆಸರುಗಳನ್ನು ಮೂರು ಕಾಲಂ ಮಾಡಿ, ಒಂದೊಂದರಲ್ಲಿ 21, ಅಂದರೆ 62 ಹೆಸರು ಹೋಗಿ ಒಂದು ಜಾಗ ಉಳಿಯುತ್ತದೆ. ಅಕ್ಷರ ಒಂದು ಇಂಚು ಎತ್ತರ, ಕೆಳಗೆ ಒತ್ತಕ್ಷರಕ್ಕೆ ಜಾಗ ಸೇರಿ ಸಾಲಿಗೆ ಎರಡು ಇಂಚು. 21 ಸಾಲಿಗೆ 42 ಇಂಚು, ಅಂದರೆ ಮೂರೂವರೆ ಅಡಿ, ಮೇಲೆ ಒಂದು ಸಾಲು ಬರಹಕ್ಕೆ ಅರ್ಧ ಅಡಿ ಉಳಿಯಿತು. ಚಪ್ಪಡಿಯನ್ನು ನೆಟ್ಟಗೆ ನಿಲ್ಲಿಸಬೇಡಿ. ಒಂದೂವರೆ ಅಡಿ ಎತ್ತರದ ಕಟ್ಟೆಯ ಮೇಲೆ ಸ್ವಲ್ಪ ಹಿಂದಕ್ಕೆ ವಾಲಿಸಿ. ಆಗ ಗಾಲಿಕುರ್ಚಿಯಲ್ಲಿ ಬಂದ ಅಜ್ಜಿಗೂ ಹೆಚ್ಚಿನ ಹೆಸರುಗಳು ಕೈಗೆಟಕುತ್ತವೆ. ಬೆರಳಿಂದ ಹೆಸರು ಮುಟ್ಟುವುದು ಬೇಕು. ಬಂದವರೆಲ್ಲ ಮಾಡುವುದು ಅದನ್ನೇ.

ಅಕ್ಷರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕೆಂದರೆ ಕೆಡುವುದು ಇಲ್ಲೇ. ಈಗ ಹೆಚ್ಚಿನವರು ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸಿ, ಸ್ಟೆನ್ಸಿಲ್ ಕತ್ತರಿಸಿ ಅಂಟಿಸಿ, ಸ್ಯಾಂಡ್ ಬ್ಲಾಸ್ಟಿಂಗ್ ಮಾಡುತ್ತಾರೆ, ಅಂದರೆ ಮರಳನ್ನು ರಭಸದಿಂದ ಹಾಯಿಸಿ ಅಕ್ಷರ ಕೊರೆಯುತ್ತಾರೆ. ತೆಳು ಗೆರೆಯ ಫಾಂಟ್ ಆದರೆ ತಲೆಕಟ್ಟು ಹಾರಿಹೋಗುತ್ತದೆ. ಒತ್ತಕ್ಷರ ತುಂಬಿ ಒಂದೇ ಗುಳಿಯಾಗುತ್ತದೆ. ಫಾಂಟ್ ಬದಲಾದಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂರುತ್ತದೆ. ಕೃಷ್ಣಪ್ಪ, ಲಕ್ಷ್ಮಣ, ಮಹಮ್ಮದ್, ಈ ಮೂರು ಹೆಸರನ್ನು ಒಂದು ತುಂಡು ಕಲ್ಲಿನ ಮೇಲೆ ಮಾಡಿಸಿ ನೋಡಿ, ಕೆಲಸ ಮಾಡುವವರ ಕೈ ತಿಳಿಯುತ್ತದೆ. ಆಮೇಲೆ ಇಡೀ ಚಪ್ಪಡಿಯ ಅಳತೆಯಲ್ಲೇ ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಗೋಡೆಗೆ ಹಚ್ಚಿ, ಪ್ರತಿ ಮನೆಯವರನ್ನೂ ಕರೆಸಿ, ಅವರ ಹೆಸರಿನ ಪಕ್ಕ ಸಹಿ ಹಾಕಿಸಿಕೊಳ್ಳಿ. ಸಹಿ ಆಗದ ಹೆಸರನ್ನು ಕೆತ್ತಿಸಬೇಡಿ. ಅಕ್ಷರಕ್ಕೆ ಬಂಗಾರದ ಬಣ್ಣ ತುಂಬಬೇಡಿ. ಹೊಳೆಯುವ ಕಪ್ಪು ಗ್ರಾನೈಟ್‌ನಲ್ಲಿ ಕೆತ್ತಿದ ಜಾಗ ತಾನಾಗಿ ಬೂದುಬಣ್ಣಕ್ಕೆ ತಿರುಗಿ ಚೆನ್ನಾಗಿ ಕಾಣುತ್ತದೆ, ಬಣ್ಣ ತುಂಬಿದರೆ ನಾಲ್ಕು ಮಳೆಗೆ ಅರ್ಧ ಅಕ್ಷರ ಉದುರಿ ನಿಲ್ಲುತ್ತದೆ.

ಹೆಸರುಗಳ ಹಿಂದೆ ಮುಂದೆ ಶ್ರೀ, ಶ್ರೀಮತಿ ಏನೂ ಬೇಡ. ದೊಡ್ಡ ಕೆಲಸ ಸಣ್ಣ ಕೆಲಸ ಅಂತ ಸಾಲು ಮಾಡಬೇಡಿ. ಅಕಾರಾದಿಯಲ್ಲಿ ಹಾಕಿ. ಹೆಸರು, ವಯಸ್ಸು, ಕೆಲಸ, ಇಷ್ಟು ಸಾಕು. ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿಯಲ್ಲಿ 1997ರ ಜೂನ್ 13ರಂದು 59 ಜನ ಹೋದರು. ಎದುರಿಗೇ ಮಾಡಿರುವ ಸ್ಮೃತಿ ಉಪವನದ ಕಲ್ಲಿನಲ್ಲಿ ಹೆಸರಿನ ಜೊತೆ ಹುಟ್ಟಿದ ದಿನವೂ ಇದೆ. ಓದುವವರು ಮನಸ್ಸಿನಲ್ಲೇ ಕಳೆಯುತ್ತಾರೆ, ಓ, ಇದು ಇಷ್ಟು ಸಣ್ಣ ಮಗುವಾ ಅಂತ. ನಿಮ್ಮ ಕಲ್ಲಿನಲ್ಲಿ "ಬಡಗಿ" ಅನ್ನೋ ಮಾತು ಆ ಕೆಲಸ ಮಾಡುತ್ತದೆ. ಸೆಟ್ ಕಟ್ಟಿದವರು, ದೀಪ ಹಿಡಿದವರು ಹೋದರು ಅನ್ನೋದು ಬೇರೆ ವಿವರಣೆ ಇಲ್ಲದೆ ತಿಳಿಯುತ್ತದೆ.

ಮೇಲಿನ ಸಾಲಿಗೆ ನಾನಾದರೆ ಹೀಗೆ ಬರೆಸುತ್ತೇನೆ: "1989ರ ಫೆಬ್ರವರಿ 8ರಂದು ಪ್ರೀಮಿಯರ್ ಸ್ಟುಡಿಯೋದಲ್ಲಿ ಕೆಲಸದಲ್ಲಿದ್ದಾಗ ಬೆಂಕಿಗೆ ಸಿಕ್ಕಿ ತೀರಿಕೊಂಡವರು." ವಿಧಿ, ದೈವ, ಅಮರರು, ಹುತಾತ್ಮರು ಯಾವುದೂ ಬೇಡ. ವಿಧಿ ಅಂದುಬಿಟ್ಟರೆ ಕಾರಣ ಯಾರೂ ಕೇಳಲ್ಲ. ಆ ಬೆಂಕಿಗೆ ಹೇಳುವ ಕಾರಣಗಳು ಏನು? ಸಡಿಲ ವೈರಿಂಗ್, ಗಾಳಿ ಆಡಲು ದಾರಿ ಇಲ್ಲದ ಒಳಾಂಗಣ, ಗೋಡೆಯ ಉದ್ದಕ್ಕೂ ಗೋಣಿತಾಟು ಮತ್ತು ಬಿದಿರು, ದೊಡ್ಡ ದೊಡ್ಡ ದೀಪಗಳ ಶಾಖ, ಬೆಂಕಿ ಆರಿಸುವ ಸಾಮಾನು ಸಾಲದೇ ಹೋದದ್ದು. ಇದನ್ನು ಪಕ್ಕದಲ್ಲಿ ಒಂದು ಸಣ್ಣ ಕಲ್ಲಿನಲ್ಲಿ, ಸರ್ಕಾರಿ ದಾಖಲೆ ಸಿಕ್ಕರೆ ಅದರಲ್ಲಿ ಇದ್ದ ಹಾಗೇ ಬರೆಸಿ. ಯಾರ ಮೇಲೂ ಹೆಸರು ಹಿಡಿದು ಆರೋಪ ಬರೆಸಬೇಡಿ. ಇವತ್ತೂ ನಮ್ಮ ಮದುವೆ ಪೆಂಡಾಲು, ಗಣೇಶನ ಮಂಟಪ, ನಾಟಕದ ಸೆಟ್ಟುಗಳಲ್ಲಿ ಬಟ್ಟೆಯ ಪಕ್ಕದಲ್ಲೇ ಹ್ಯಾಲೊಜನ್ ದೀಪ ಕಟ್ಟುತ್ತಾರೆ. ಆ ಸಣ್ಣ ಕಲ್ಲು ಓದಿದವರಲ್ಲಿ ಒಬ್ಬರು ಮನೆಗೆ ಹೋಗಿ ದೀಪವನ್ನು ಎರಡು ಅಡಿ ಹಿಂದಕ್ಕೆ ಸರಿಸಿದರೂ ಸಾಕು.

ಇಲ್ಲೇ ಇನ್ನೊಂದು ಮಾತು. ಸ್ಮಾರಕದ ದುಡ್ಡನ್ನು ಸುರಕ್ಷತೆಗೆ ಕೊಡಬಾರದಾ ಅಂತ ನಿಮ್ಮನ್ನು ಕೇಳುವವರು ಇರ್ತಾರೆ. ಕೆಲವು ಕಡೆ ಅದು ನ್ಯಾಯವಾದ ಪ್ರಶ್ನೆ. ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ 2018ರ ನವೆಂಬರ್ 24ರಂದು ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರು, ಶಾಲೆ ಮಕ್ಕಳೂ ಇದ್ದರು. ಅಂಥ ಜಾಗಕ್ಕೆ ಸ್ಮಾರಕ ಕೇಳಿದರೆ ನಾನು ಮೊದಲು ನಾಲೆ ಏರಿಯ ಉದ್ದಕ್ಕೂ ತಡೆಗೋಡೆ ಅಂತೀನಿ, ಆ ಗೋಡೆಯ ಮೇಲೇ ಹೆಸರು ಕೆತ್ತಿಸಿ ಅಂತೀನಿ. ನಿಮ್ಮದರಲ್ಲಿ ಆ ಅಪಾಯದ ಜಾಗ ಈಗ ಹಾಗೆ ಉಳಿದಿಲ್ಲ, ಉಳಿದಿರುವುದು ಮರೆವು ಮಾತ್ರ.

ಟಿಪ್ಪುವಿನ ಚಿತ್ರ, ಕತ್ತಿ, ಹುಲಿ ಏನೂ ಸ್ಮಾರಕದಲ್ಲಿ ಬೇಡ. ಟಿಪ್ಪು ಪರ ವಿರೋಧ ಎರಡೂ ಕಡೆ ಜನ ಕಾದಿದ್ದಾರೆ. ಒಂದು ಕತ್ತಿ ಕಂಡರೆ ಸಾಕು, ನಿಮ್ಮ 62 ಜನ ಆ ಗದ್ದಲದಲ್ಲಿ ಮತ್ತೊಮ್ಮೆ ಕಳೆದುಹೋಗುತ್ತಾರೆ. ಅವರು ಅವತ್ತು ಅಲ್ಲಿದ್ದದ್ದು ದಿನದ ಕೂಲಿಗೆ.

ಚಪ್ಪಡಿಯ ಜೊತೆಗೆ ಶಿಲ್ಪ ಬೇಕೇ ಬೇಕು ಅನಿಸಿದರೆ ಖಂಡಿತ ಮಾಡಿಸಿ, ಆದರೆ ಪರಿಚಯದವರು ಅಂತ ಒಬ್ಬರಿಗೇ ಒಪ್ಪಿಸಬೇಡಿ. ನಮ್ಮೂರಿನ ಸರ್ಕಾರಿ ದೃಶ್ಯಕಲಾ ಕಾಲೇಜು ಕಾವಾದಲ್ಲಿ ಶಿಲ್ಪ ವಿಭಾಗವಿದೆ, ಊರಲ್ಲಿ ತಲೆಮಾರುಗಳಿಂದ ಉಳಿ ಹಿಡಿದ ಮನೆತನಗಳಿವೆ. ಒಂದು ಪುಟದ ವಿವರ ಬರೆದು ಎಲ್ಲರಿಗೂ ಕೊಡಿ. ಮೊದಲ ಸುತ್ತಿಗೆ ಬರೀ ಚಿತ್ರ, ಆರಿಸಿದ ಮೂರ್ನಾಲ್ಕು ಜನರಿಗೆ ಮಣ್ಣಿನ ಮಾದರಿ ಮಾಡಲು ಸ್ವಲ್ಪ ಹಣ ಕೊಟ್ಟು ಮಾಡಿಸಿ. ಪುಕ್ಕಟೆ ಕೆಲಸ ಕೇಳಬೇಡಿ. ಆರಿಸುವಾಗ ಕಲಾವಿದರ ಹೆಸರು ಮುಚ್ಚಿಡಿ. ವಾಷಿಂಗ್ಟನ್ ಗೋಡೆಗೆ 1,400ಕ್ಕೂ ಹೆಚ್ಚು ಚಿತ್ರಗಳು ಬಂದಿದ್ದವು, ಹೆಸರು ಮುಚ್ಚಿಟ್ಟು ಆರಿಸಿದ್ದಕ್ಕೇ 21 ವರ್ಷದ ವಿದ್ಯಾರ್ಥಿನಿ ಮಾಯಾ ಲಿನ್ ಗೆದ್ದಳು. ನಿಮ್ಮ ಆಯ್ಕೆ ಸಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮನೆಯವರಿರಲಿ, ಜೊತೆಗೆ ಒಬ್ಬ ಶಿಲ್ಪಿ, ಒಬ್ಬ ಎಂಜಿನಿಯರ್.

ಖರ್ಚು ಎಷ್ಟು ಅಂತ ಕೇಳಿಲ್ಲ, ಕೇಳೇ ಕೇಳ್ತೀರಿ. ಕಲ್ಲು, ಅಕ್ಷರ, ತಳಪಾಯ ಮತ್ತು ಸಾಗಾಟ, ಈ ಮೂರಕ್ಕೂ ಬೇರೆ ಬೇರೆ ದರಪಟ್ಟಿ ತರಿಸಿ. ಅಕ್ಷರಕ್ಕೆ ಲೆಕ್ಕ ಅಕ್ಷರವೊಂದಕ್ಕೆ ಇಷ್ಟು ಅಂತ ಇರುತ್ತದೆ, ಒತ್ತಕ್ಷರ ಬೇರೆ ಅಕ್ಷರವಾ ಅಂತ ಮೊದಲೇ ಕೇಳಿಕೊಳ್ಳಿ. ದಾನಿಗಳ ಹೆಸರು, ಕಂಪನಿಯ ಲಾಂಛನ ಕಲ್ಲಿನ ಮೇಲೆ ಬರಬಾರದು. ಉದ್ಘಾಟನಾ ಫಲಕದ ಬಗ್ಗೆ ಇನ್ನೂ ಗಟ್ಟಿಯಾಗಿರಿ. ನಮ್ಮಲ್ಲಿ ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ ಅಂತ ಹೆಸರುಗಳು ಸತ್ತವರ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಬರುತ್ತವೆ. ಅಂಥ ಫಲಕ ಇರುವುದಿಲ್ಲ ಅಂತ ಅರ್ಜಿಯಲ್ಲೇ ಒಂದು ಸಾಲು ಬರೆದು ಒಪ್ಪಿಗೆ ತೆಗೆದುಕೊಳ್ಳಿ. ಆಮೇಲೆ ಹೇಳಲು ಹೋದರೆ ಯಾರೂ ಕೇಳಲ್ಲ. ಪರದೆ ಸರಿಸುವುದಕ್ಕೆ ಮನೆಯವರಲ್ಲೇ ಹಿರಿಯರೊಬ್ಬರನ್ನು ಕರೆಯಿರಿ.

2029ರ ಫೆಬ್ರವರಿ 8ಕ್ಕೆ 40 ವರ್ಷ ತುಂಬುತ್ತದೆ. ಅದನ್ನು ಗುರಿ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಸುಮ್ನೆ ಕಾಯಬೇಕಿಲ್ಲ. ಬರುವ ಫೆಬ್ರವರಿ 8ಕ್ಕೇ ಒಂದು ಹಾಲ್‌ನಲ್ಲಿ ಸೇರಿ, ಸಿಕ್ಕಿರುವ ಹೆಸರುಗಳನ್ನು ಒಬ್ಬರು ಗಟ್ಟಿಯಾಗಿ ಓದಿ. ಇದಕ್ಕೆ ಯಾವ ಅನುಮತಿಯೂ ಬೇಡ. ಪತ್ರಿಕೆಯವರನ್ನು ಕರೆಯಿರಿ, ಸುದ್ದಿ ಬಂದರೆ ಇನ್ನಷ್ಟು ಮನೆಯವರು ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ. ಪಟ್ಟಿ ಅರ್ಧ ಆದ ಮೇಲೆ ನನಗೆ ಕಳಿಸಿ, ಎಷ್ಟು ಅಗಲದ ಕಲ್ಲು ಬೇಕು ಅಂತ ಹೆಸರುಗಳ ಉದ್ದ ನೋಡಿ ಲೆಕ್ಕ ಹಾಕಿ ಹೇಳ್ತೀನಿ. ಶಿಲ್ಪಿಗೆ ಮುಂಗಡ ಮಾತ್ರ ಅಲ್ಲಿಯವರೆಗೆ ಕೊಡಬೇಡಿ.